ಕೀಲಿನ ಕಿವಿ

ತಾಂತ್ರಿಕ ಶಾಲೆಯಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆಯುವುದನ್ನು ಕಲಿಸಿದ ಆ ಮನುಷ್ಯನನ್ನು ಎಲ್ಲರೂ ಗೆರೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅಳತೆಪಟ್ಟಿ ಮುಟ್ಟದೆ ಹಲಗೆಯ ಈ ಕೊನೆಯಿಂದ ಆ ಕೊನೆಗೆ ನೆಟ್ಟನೆಯ ಗೆರೆ ಎಳೆದುಬಿಡುತ್ತಿದ್ದರು, ಅದಕ್ಕೆ ವಿದ್ಯಾರ್ಥಿಗಳು ಇಟ್ಟ ಹೆಸರು. ಮೇಷ್ಟ್ರಿಗೆ ಆ ಹೆಸರು ಒಳಗೊಳಗೇ ಇಷ್ಟವಾಗಿತ್ತು. ಆದರೆ ನೂರಾರು ಯಂತ್ರಗಳ ನಕ್ಷೆ ಬರೆದ ಆ ಕೈ ಒಂದು ಮೊಳೆಯನ್ನೂ ಸರಿಯಾಗಿ ಹೊಡೆದಿರಲಿಲ್ಲ. ಮನೆಯಲ್ಲಿ ಗೋಡೆಗೆ ಏನಾದರೂ ತೂಗುಹಾಕಬೇಕಾದರೆ ಹೆಂಡತಿಯೇ ಸ್ಟೂಲು ಹತ್ತುತ್ತಿದ್ದಳು. ಅವಳು ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಅವಳ ಹೊಲಿಗೆ ಯಂತ್ರ, ಅದರ ಎದುರಿಗೆ ಗೋಡೆಗೆ ಒರಗಿಸಿದಂತೆ ಮೇಷ್ಟ್ರ ನಕ್ಷೆಯ ಮೇಜು. ನಡುವೆ ಒಬ್ಬರು ಪಕ್ಕಕ್ಕೆ ತಿರುಗಿ ದಾಟುವಷ್ಟು ಜಾಗ. ತಾನು ಹೊಲಿದದ್ದನ್ನು ಜನ ಮೈಮೇಲೆ ಹಾಕಿಕೊಂಡು ಓಡಾಡುತ್ತಾರೆ, ನೀವು ಬರೆದದ್ದು ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿರುತ್ತದೆ ಎಂದು ಅವಳು ತಮಾಷೆ ಮಾಡುವುದಿತ್ತು. ಮೇಷ್ಟ್ರು ನಗುತ್ತಿದ್ದರು. ಆದರೆ ಮಾತು ಎಲ್ಲೋ ನಾಟುತ್ತಿತ್ತು.

ಕಾರಿನಲ್ಲಿ ಒಂದು ಗಂಟೆ ಹೋದರೆ ದೊಡ್ಡ ಸರೋವರ, ಅದರ ದಡದಲ್ಲಿ ಒಂದು ದೋಣಿ ಕ್ಲಬ್ಬು. ರಜೆಯ ದಿನಗಳಲ್ಲಿ ಇಬ್ಬರೂ ಅಲ್ಲಿಗೆ ಹೋಗಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಪಡೆಯುತ್ತಿದ್ದರು. ಗಾಳಿ ಬೀಸಿದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದಲ್ಲ, ಆಗ ಹೆಂಡತಿ ಕಣ್ಣು ಮುಚ್ಚಿ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಎರಡು ಒಡಲಿನ ದೋಣಿ, ಅಂದರೆ ಕಟಮರಾನ್, ಹಾಗೆ ವಾಲುವುದಿಲ್ಲ. ಆದರೆ ಅದು ಅಗಲ. ನೀರಿನ ಮೇಲೆ ಹದಿನಾಲ್ಕು ಅಡಿ ಅಗಲ ಬೇಕು. ಕ್ಲಬ್ಬಿನಲ್ಲಿ ಅದನ್ನು ಕಟ್ಟಿ ನಿಲ್ಲಿಸಲು ಜಾಗವಿರಲಿಲ್ಲ. ಇವರ ಅಪಾರ್ಟ್‌ಮೆಂಟಿನ ಕೆಳಗೆ ಗಾಡಿ ನಿಲ್ಲಿಸಲು ಸಿಕ್ಕ ಜಾಗದ ಅಗಲ ಎಂಟೂವರೆ ಅಡಿ. ಹಾಗಾದರೆ ರಸ್ತೆಯಲ್ಲಿ ಎಂಟು ಅಡಿಗೆ ಮಡಚಿಕೊಂಡು ಕಾರಿನ ಹಿಂದೆ ಟ್ರೈಲರ್ ಮೇಲೆ ಬಂದು, ದಡದಲ್ಲಿ ಹದಿನಾಲ್ಕು ಅಡಿಗೆ ಬಿಚ್ಚಿಕೊಳ್ಳುವ ಜೋಡಿ ದೋಣಿಯನ್ನು ತಾವೇ ಯಾಕೆ ಮಾಡಬಾರದು ಎಂಬ ಯೋಚನೆ ಮೇಷ್ಟ್ರ ತಲೆ ಹೊಕ್ಕಿತು. ಹೊಕ್ಕದ್ದು ಎರಡು ವರ್ಷ ಹೊರಬರಲಿಲ್ಲ.

ಮೊದಲು ಶರ್ಟಿನ ಡಬ್ಬಿಯ ರಟ್ಟು ಕತ್ತರಿಸಿ, ಮುರಿದ ಛತ್ರಿಯ ಕಡ್ಡಿ ಸೇರಿಸಿ ಮಾದರಿ ಮಾಡಿದರು. ಬಟ್ಟೆ ನೆನೆಹಾಕುವ ಟಬ್ಬಿನಲ್ಲಿ ತೇಲಿಸಿ ಬೀಸಣಿಗೆ ಬೀಸಿದರು. ಎಂಟು ಮಾದರಿ ಮುಳುಗಿದವು, ಒಂಬತ್ತನೆಯದು ನಿಂತಿತು. ಎರಡು ಒಡಲುಗಳನ್ನು ಜೋಡಿಸಲು ಮೂರು ಅಡ್ಡತೊಲೆ, ಪ್ರತಿ ತೊಲೆಯೂ ನಡುವಿನಲ್ಲಿ ಎರಡು ತುಂಡು, ಆ ತುಂಡುಗಳ ಕೆಳಬದಿಗೆ ಒಂದು ಕೀಲು. ನಡುಭಾಗವನ್ನು ಮೇಲಕ್ಕೆತ್ತಿದರೆ ತೊಲೆ ಮನೆಯ ಮಾಡಿನಂತೆ ಮಡಚಿಕೊಂಡು ಒಡಲುಗಳು ಹತ್ತಿರ ಬರುತ್ತವೆ. ಬಿಚ್ಚಿದ ಮೇಲೆ ಮತ್ತೆ ಮಡಚದಂತೆ ತೊಲೆಯ ಮೇಲ್ಬದಿಗೆ ದಪ್ಪ ತಗಡಿನ ಎರಡು ಕಿವಿಗಳು, ಕಿವಿಗಳ ರಂಧ್ರದಲ್ಲಿ ತೂರಿಸುವ ಒಂದು ಪಿನ್ನು. ಇಡೀ ದೋಣಿಯ ಪ್ರಾಣ ಇದ್ದದ್ದು ಅಂಥ ಮೂರು ಪಿನ್ನುಗಳಲ್ಲಿ.

ಬರೆಯಲು ಮೇಷ್ಟ್ರಿದ್ದರು, ಹಾಯಿಯನ್ನೂ ಒಡಲುಗಳ ನಡುವೆ ಬಿಗಿಯುವ ದಪ್ಪ ಬಟ್ಟೆಯನ್ನೂ ಹೊಲಿಯಲು ಹೆಂಡತಿ ಇದ್ದಳು, ಕಟ್ಟಲು ಅವಳ ತಮ್ಮನಿದ್ದ. ಬಸ್ ಡಿಪೋದ ಹಿಂದೆ ಅವನ ವೆಲ್ಡಿಂಗ್ ಶೆಡ್ಡು. ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವನು. ತಾಯಿ ಹೋದಾಗ ಅವನಿಗೆ ಇನ್ನೂ ಹಾಲುಹಲ್ಲು. ಅಕ್ಕನೇ ಎತ್ತಿ ಆಡಿಸಿದವಳು, ತಲೆ ಬಾಚಿ ಶಾಲೆಗೆ ಬಿಟ್ಟವಳು. ಮೊಣಕೈವರೆಗೂ ಕಿಡಿ ಬಿದ್ದ ಚುಕ್ಕೆಗಳಿದ್ದ ಅವನು ಮಾತಿನಲ್ಲಿ ಜಿಪುಣ. ಬೆಸೆಯುವ ಮುನ್ನ ಲೋಹವನ್ನು ಮೂರು ಸಲ ಒರೆಸದೆ ಕಿಡಿ ಹೊತ್ತಿಸುತ್ತಿರಲಿಲ್ಲ. ಅವನು ಬೆಸೆದ ಗೇಟು ಬಿಟ್ಟುಕೊಂಡಿದ್ದನ್ನು ಯಾರೂ ಕಂಡಿರಲಿಲ್ಲ. ಕ್ಲಬ್ಬಿನವರು ಸರೋವರಕ್ಕೆ ಚಾಚಿದ ಕಟ್ಟೆಗೆ ಹೊಸ ಕಂಬಿ ಹಾಕಿಸಲು ಅವನನ್ನೇ ಕೇಳಿದ್ದರು.

ಒಡಲುಗಳಾಗಿ ತೊಲೆಗಳಾಗಿ ದೋಣಿ ಟ್ರೈಲರ್ ಹತ್ತಿದ ದಿನ ಮೂವರ ಮುಖದಲ್ಲೂ ಹೇಳಲಾಗದ ಸಂತೋಷ. ಹಾಡಹಗಲೇ ಮೆರವಣಿಗೆಯಂತೆ ಕಾರಿನ ಹಿಂದೆ ಎಳೆದುಕೊಂಡು ಮನೆಗೆ ತಂದರು. ಎರಡನೆಯ ಮಹಡಿಯಿಂದ ನೆರೆಯವರು ಇಣುಕಿ ನೋಡಿದರು. ಆದರೆ ಗಾಡಿ ನಿಲ್ಲಿಸುವ ಜಾಗದ ಬಾಗಿಲಲ್ಲಿ ಟ್ರೈಲರ್ ನಿಂತುಬಿಟ್ಟಿತು. ಮಡಚಿದ ತೊಲೆಗಳ ತುದಿಯಲ್ಲಿ ಆಕಾಶಕ್ಕೆ ಮುಖ ಮಾಡಿಕೊಂಡಿದ್ದ ಕಿವಿಗಳು ಬಾಗಿಲ ಮೇಲಿನ ಸಿಮೆಂಟಿನ ತೊಲೆಗೆ ಬಡಿಯುತ್ತಿದ್ದವು. ಬೆರಳು ದಪ್ಪದಷ್ಟು ಎತ್ತರ ಹೆಚ್ಚಾಗಿತ್ತು, ಅಷ್ಟೇ.

ಮೇಷ್ಟ್ರು ಆ ಬಾಗಿಲನ್ನು ತಾವೇ ಅಳೆದಿದ್ದರು. ಟ್ರೈಲರ್ ಗಾಲಿಗೆ ಗಾಳಿ ತುಂಬಿದಾಗ ಎಷ್ಟು ಏರುತ್ತದೆ ಎಂಬುದನ್ನು ಮಾತ್ರ ಮರೆತಿದ್ದರು. ನೆರೆಯವರ ಕಣ್ಣ ಮುಂದೆ ಅವರ ಕಿವಿ ಬಿಸಿಯಾಯಿತು. ಅಲ್ಲೇ ಜೇಬಿನಿಂದ ಪೆನ್ಸಿಲು ತೆಗೆದು, ನಕ್ಷೆಯ ಹಾಳೆಯನ್ನು ಕಾರಿನ ಮೇಲೆ ಹರಡಿ, ರಂಧ್ರದ ನಡುವಿನಿಂದ ಕಿವಿಯ ತುದಿಗೆ ಮೂವತ್ತೆರಡು ಮಿಲಿಮೀಟರ್ ಎಂದಿದ್ದುದನ್ನು ಹೊಡೆದು ಹದಿನೆಂಟು ಎಂದು ಬರೆದರು. ತುದಿ ಅಷ್ಟು ಕತ್ತರಿಸಿದರೆ ಆಯಿತು ಎಂದರು.

ಭಾವಮೈದುನ ಹಾಳೆಯನ್ನು ಬಹಳ ಹೊತ್ತು ನೋಡಿದ.

"ಭಾವ, ಕಿವಿ ತೀರಾ ಗಿಡ್ಡ ಆಗಲ್ವಾ? ಪಿನ್ನಿನ ಮುಂದೆ ಲೋಹಾನೇ ಉಳಿಯಲ್ಲ."

"ಲೆಕ್ಕ ಹಾಕಿದೀನಿ," ಎಂದರು ಮೇಷ್ಟ್ರು.

ಹಾಕಿರಲಿಲ್ಲ. ಮೊದಲ ಅಳತೆಗೆ ಲೆಕ್ಕವಿತ್ತು, ಈ ಅಳತೆಗೆ ಇರಲಿಲ್ಲ. ಹಾಕುತ್ತೇನೆ ಎಂದುಕೊಂಡರು, ನಾಳೆ ಎಂದುಕೊಂಡರು. ಭಾವಮೈದುನ ಅವರು ಬರೆದ ಅಳತೆಗೇ ಕಿವಿಗಳನ್ನು ಕತ್ತರಿಸಿಕೊಟ್ಟ. ಮುಂದಿನ ಭಾನುವಾರ ಪರೀಕ್ಷೆ ಎಂದು ಕ್ಲಬ್ಬಿನ ಕಾರ್ಯದರ್ಶಿಗೆ ಆಗಲೇ ಹೇಳಿಯಾಗಿತ್ತು, ಅವರು ಫಲಕದ ಮೇಲೆ ಬರೆದು ಹಾಕಿಯೂ ಆಗಿತ್ತು. ತಪ್ಪು ಕಂಡುಬಂದರೆ ತೊಲೆಗಳನ್ನೇ ಹೊಸದಾಗಿ ಮಾಡಬೇಕಾದೀತೆಂಬ ಅಂಜಿಕೆಯೂ ಇದ್ದಿರಬೇಕು. ಲೆಕ್ಕ ಹಾಕದಿದ್ದರೆ ತಪ್ಪು ಕಾಣುವುದಿಲ್ಲವಲ್ಲ.

ಆ ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು, ಗಾಳಿಯೂ ಹದವಾಗಿತ್ತು. ದಡದ ಇಳಿಜಾರಿನಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಮೇಷ್ಟ್ರು ಗಡಿಯಾರ ಹಿಡಿದು ನಿಂತರು. ಟ್ರೈಲರಿನಿಂದ ಇಳಿಸಿ, ಬಿಚ್ಚಿ, ಪಿನ್ನು ತೂರಿಸಿ, ಹಾಯಿಕಂಬ ನಿಲ್ಲಿಸಲು ಹತ್ತೊಂಬತ್ತು ನಿಮಿಷ ಹಿಡಿಯಿತು. ಜನ ಚಪ್ಪಾಳೆ ತಟ್ಟಿದರು. ಭಾವಮೈದುನ ಚುಕ್ಕಾಣಿ ಹಿಡಿದು ಕೂತ, ಹೆಂಡತಿ ಮುಂದೆ ತಾನೇ ಹೊಲಿದ ಬಟ್ಟೆಯ ಮೇಲೆ ಕಾಲು ಚಾಚಿ ಕೂತಳು. ಮೇಷ್ಟ್ರು ದಡದಲ್ಲೇ ಉಳಿದರು. ದೂರದಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ ಎಂದರು.

ದೋಣಿ ಹೊರಟಿತು. ವಾಲಲಿಲ್ಲ. ಹೆಂಡತಿ ಕೈ ಎತ್ತಿ ಬೀಸಿದಳು, ಈ ಸಲ ಕಣ್ಣು ತೆರೆದೇ ಇತ್ತು. ಮೇಷ್ಟ್ರೂ ಗಡಿಯಾರ ಹಿಡಿದ ಕೈಯನ್ನೇ ಎತ್ತಿ ಬೀಸಿದರು.

ಅರ್ಧ ಗಂಟೆಯ ಮೇಲೆ ಮೋಟಾರ್ ದೋಣಿಯೊಂದು ಜೋರಾಗಿ ಅಡ್ಡ ಹಾಯ್ದುಹೋಯಿತು. ಅದರ ಅಲೆ ಸೀದಾ ಎರಡು ಒಡಲುಗಳ ನಡುವೆ ನುಗ್ಗಿ ಬಟ್ಟೆಯನ್ನು ಕೆಳಗಿನಿಂದ ಎತ್ತಿತು. ಹಿಂದೆಯೇ ಇನ್ನೊಂದು ಅಲೆ. ಬಂದೂಕು ಹಾರಿದಂಥ ಸದ್ದು ದಡದವರೆಗೂ ಕೇಳಿಸಿತು. ನಡುತೊಲೆ ಮೇಲಕ್ಕೆ ಮಡಚಿಕೊಂಡಿತು, ಒಡಲುಗಳು ಒಂದರತ್ತ ಒಂದು ವಾಲಿದವು, ಕಂಬ ಹಿಡಿದಿದ್ದ ತಂತಿಗಳು ಸಡಿಲವಾದವು, ಹಾಯಿಕಂಬ ಹಾಯಿಸಮೇತ ಹೆಂಡತಿಯ ಮೇಲೆ ಬಿತ್ತು. ಭಾವಮೈದುನ ನೀರಿಗೆ ಹಾರಿದ್ದನ್ನು ಮೇಷ್ಟ್ರು ನೋಡಿದರು. ಅಕ್ಕನ ತಲೆಯನ್ನು ನೀರಿನ ಮೇಲೆ ಹಿಡಿದುಕೊಂಡಿದ್ದನ್ನು ನೋಡಿದರು. ತಮ್ಮದೇ ಕಾಲು ಮಾತ್ರ ನಿಂತಲ್ಲೇ ನಿಂತಿತ್ತು.

ಕ್ಲಬ್ಬಿನವರು ಹೋಗಿ ಇಬ್ಬರನ್ನೂ ಕರೆತಂದರು, ದೋಣಿಯನ್ನು ಎಳೆದುತಂದರು. ಹೆಂಡತಿಯ ಬಲತೋಳು ಮೊಣಕೈ ಮೇಲೆ ವಕ್ರವಾಗಿತ್ತು, ಮುಖ ಬೂದಿಯಂತಾಗಿತ್ತು. ತಮ್ಮ ಅವಳನ್ನು ಎತ್ತಿ ಕಾರ್ಯದರ್ಶಿಯ ಕಾರಿನಲ್ಲಿ ಕೂರಿಸುತ್ತಿದ್ದಾಗ, ಏನಾಯಿತು ಮೇಷ್ಟ್ರೇ ಎಂದು ಕಾರ್ಯದರ್ಶಿ ಕೇಳಿದರು. ಸುತ್ತ ಜನ ನಿಂತಿದ್ದರು, ಎಲ್ಲರೂ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

"ಬೆಸುಗೆ ಬಿಟ್ಟಿರಬೇಕು," ಎಂದರು ಮೇಷ್ಟ್ರು.

ದೋಣಿಯ ಹತ್ತಿರವೂ ಹೋಗಿರಲಿಲ್ಲ, ತೊಲೆಯನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಮಾತು ತಾನಾಗಿಯೇ ಬಾಯಿಂದ ಜಾರಿತ್ತು. ಕಾರಿನ ಬಾಗಿಲು ಹಿಡಿದು ನಿಂತಿದ್ದ ಭಾವಮೈದುನ ತಿರುಗಿ ನೋಡಿದ. ಒದ್ದೆ ಮೈಯ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವನಂತೆ ನೋಡಿ, ಅಕ್ಕನ ಪಕ್ಕ ಕೂತುಕೊಂಡ. ದೋಣಿಯನ್ನು ನೀರಿನಿಂದ ತೆಗೆಸಿ ಹಿಂದೆಯೇ ಬರುತ್ತೇನೆ ಎಂದು ಹೇಳಿ ಮೇಷ್ಟ್ರು ಅಲ್ಲೇ ಉಳಿದುಕೊಂಡರು.

ದೋಣಿಯನ್ನು ಕ್ಲಬ್ಬಿನ ಶೆಡ್ಡಿನ ಹಿಂದೆ ತಂದಿಟ್ಟು ಜನ ಚದುರಿದ ಮೇಲೆ ಅವರು ನಡುತೊಲೆಯನ್ನು ನೋಡಿದರು. ಬೆಸುಗೆ ಒಂದು ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಮೀನಿನ ಹುರುಪೆ ಜೋಡಿಸಿಟ್ಟಂತೆ ಸಾಲುಸಾಲಾಗಿ, ಕಿವಿಯ ಬುಡದ ಸುತ್ತ, ಅವನು ಮಾಡಿದಾಗ ಹೇಗಿತ್ತೋ ಹಾಗೆಯೇ ಇತ್ತು. ಹರಿದದ್ದು ಕಿವಿಯ ತುದಿ. ಪಿನ್ನು ರಂಧ್ರದಿಂದ ಹೊರಕ್ಕೆ, ಹದಿನೆಂಟು ಮಿಲಿಮೀಟರಿನ ಆ ಕಡೆಗೇ, ಲೋಹವನ್ನು ಸೀಳಿಕೊಂಡು ಹೋಗಿತ್ತು.

ಯಾವ ವರ್ಷವೂ ತಪ್ಪದೆ ಅವರು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಪಾಠ ಅದು. ರಂಧ್ರದ ಅಗಲದ ಎರಡರಷ್ಟಾದರೂ ಅಂಚು ಬಿಡಬೇಕು. ಪಿನ್ನು ಹದಿನಾರು, ಅಂಚು ಮೂವತ್ತೆರಡು. ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುತ್ತಿದ್ದ.

ಆಗ ಮೇಷ್ಟ್ರು ಮಾಡಿದ ಕೆಲಸವನ್ನು ಮುಂದೆ ಅವರು ಎಷ್ಟು ಸಲ ನೆನೆದರೂ ಇದು ನಾನೇ ಮಾಡಿದ್ದೇ ಎಂದು ನಂಬಲಾಗುತ್ತಿರಲಿಲ್ಲ. ಕ್ಲಬ್ಬಿನ ಶೆಡ್ಡಿನಿಂದ ಲೋಹ ಕೊಯ್ಯುವ ಗರಗಸ ತಂದು, ಹರಿದ ಕಿವಿಯನ್ನು ಬೆಸುಗೆ ಸಮೇತ ತೊಲೆಯ ತುದಿಯಿಂದ ಕೊಯ್ದು ತೆಗೆದರು. ಅರ್ಧ ಗಂಟೆ ಹಿಡಿಯಿತು. ಅಂಗೈಯಲ್ಲಿ ಬೊಕ್ಕೆ ಎದ್ದವು. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಂಡತಿಯ ತೋಳಿನ ಎಕ್ಸ್‌ರೇ ತೆಗೆಯುತ್ತಿದ್ದರು. ತುಂಡನ್ನು ಕೈಚೀಲದ ತಳಕ್ಕೆ ಹಾಕಿಕೊಂಡು ಅವರು ಕಾರು ಹತ್ತಿದರು.

ಆಸ್ಪತ್ರೆಯ ಓಣಿಯಲ್ಲಿ ಬೆಂಚಿನ ಮೇಲೆ ಭಾವಮೈದುನ ಕೂತಿದ್ದ. ಬಟ್ಟೆ ಮೈಮೇಲೆಯೇ ಒಣಗುತ್ತಿತ್ತು, ಕೆಳಗೆ ನೆಲದಲ್ಲಿ ನೀರಿನ ಗುರುತು. ಮೇಷ್ಟ್ರು ಪಕ್ಕದಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಒಳಗೆ ಮೂಳೆ ಕೂಡಿಸುತ್ತಿದ್ದಾರೆ, ಲೋಹದ ಪಟ್ಟಿ ಹಾಕಬೇಕಂತೆ ಎಂದ ಅವನು. ಆಮೇಲೆ ನೆಲ ನೋಡುತ್ತಲೇ ಮಾತಾಡಿದ.

"ದೋಣಿ ಮನೆಗೆ ತರೋ ಮುಂಚಿನ ಬುಧವಾರ ನಂಗೆ ಜ್ವರ ಇತ್ತು ಭಾವ. ಹೇಳಿದ್ರೆ ಭಾನುವಾರ ತಪ್ಪಿಹೋಗತ್ತೆ ಅಂತ ಹೇಳಲಿಲ್ಲ. ನಡುತೊಲೆ ಬೆಸೆದಿದ್ದು ಅವತ್ತೇ. ಕೈ ನಡುಗ್ತಿತ್ತು. ನಂದೇ ತಪ್ಪು."

ಚೀಲದೊಳಗಿನ ತುಂಡಿನ ಚೂಪು ಮೂಲೆ ಮೇಷ್ಟ್ರ ತೊಡೆಗೆ ಒತ್ತುತ್ತಿತ್ತು. ಬಾಯಿ ತೆರೆದರು. ಆಮೇಲೆ ತಮ್ಮದೇ ಧ್ವನಿ ತಮಗೆ ಕೇಳಿಸಿತು.

"ಹೋಗ್ಲಿ ಬಿಡು. ಆಗಿದ್ದು ಆಯ್ತು."

ಅಂದರೆ ಅವನನ್ನು ಕ್ಷಮಿಸಿದರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮೇಷ್ಟ್ರು ಅವನ ಬೆನ್ನು ಸವರಿದರು.

ಏಳು ತಿಂಗಳು ಹೀಗೆಯೇ ಕಳೆಯಿತು. ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಹೊದಿಕೆ ಬಿತ್ತು. ಮೇಷ್ಟ್ರೇ ಅವಳ ತಲೆ ಬಾಚಿದರು, ಬಟ್ಟೆಯ ಗುಂಡಿ ಹಾಕಿದರು, ಅಡಿಗೆಮನೆಯಲ್ಲಿ ಪಾತ್ರೆ ಉಜ್ಜಿದರು. ಎಂಥ ಗಂಡ ಎಂದು ನೆರೆಯವರು ಹೊಗಳಿದರು. ಹೊಗಳಿದಾಗಲೆಲ್ಲ ಅವರಿಗೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿ ಬಹಳ ಮರ್ಯಾದೆಯಿಂದ, ಕಟ್ಟೆಯ ಕಂಬಿಯ ಕೆಲಸವನ್ನು ಬೇರೆಯವರಿಗೆ ವಹಿಸಿದ್ದೇವೆ ಎಂದು ಭಾವಮೈದುನನಿಗೆ ತಿಳಿಸಿದರು. ಅವನು ಯಾಕೆಂದು ಕೇಳಲಿಲ್ಲ. ಜನ ಹತ್ತುವ, ಒರಗುವ, ತೂಗಾಡುವ ಯಾವ ವಸ್ತುವನ್ನೂ ಇನ್ನು ಮಾಡುವುದಿಲ್ಲ ಎಂದುಕೊಂಡು ಏಣಿ, ಮೆಟ್ಟಿಲು, ಮಕ್ಕಳ ಉಯ್ಯಾಲೆ ಎಲ್ಲ ಬಿಟ್ಟ. ಕಿಟಕಿಯ ಸರಳು, ಹೂಕುಂಡದ ಸ್ಟ್ಯಾಂಡು ಇಷ್ಟೇ ಮಾಡಿಕೊಂಡಿದ್ದ. ವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದವನು ಬರುವುದನ್ನು ಕಡಿಮೆ ಮಾಡಿದ. ಬಂದರೂ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಅಕ್ಕನ ತೋಳಿನ ಕಡೆ ಕಣ್ಣು ಹಾಯಿಸದೆ, ಐದು ನಿಮಿಷಕ್ಕೆ ಎದ್ದುಬಿಡುತ್ತಿದ್ದ.

ಇವತ್ತು ಹೇಳುತ್ತೇನೆ ಎಂದು ಮೇಷ್ಟ್ರು ಪ್ರತಿದಿನ ಎದ್ದರು. ದಿನ ಹೋದಷ್ಟೂ ಹೇಳಬೇಕಾದ್ದು ದೊಡ್ಡದಾಯಿತು. ಮೊದಲ ದಿನ ಅದು ಒಂದು ಅಳತೆಯ ತಪ್ಪು. ಒಂದು ವಾರಕ್ಕೆ ಸುಳ್ಳು. ಒಂದು ತಿಂಗಳಾದ ಮೇಲೆ ಅದಕ್ಕೆ ಏನು ಹೆಸರೆಂದು ಅವರಿಗೇ ತಿಳಿಯಲಿಲ್ಲ. ಆ ವರ್ಷ ತರಗತಿಯಲ್ಲಿ ರಂಧ್ರ ಮತ್ತು ಅಂಚಿನ ಪಾಠ ಬಂದಾಗ ಎರಡು ಪುಟ ಮಗುಚಿ ಮುಂದೆ ಹೋದರು.

ತೋಳಿನ ಕಟ್ಟು ಬಿಚ್ಚಿ, ವ್ಯಾಯಾಮ ಮಾಡಿ ಮಾಡಿ, ಕೊನೆಗೂ ಹೆಂಡತಿ ಮತ್ತೆ ಕತ್ತರಿ ಹಿಡಿದಳು. ಅಂಗಿಯ ಅಚ್ಚು ಕತ್ತರಿಸಲು ದೊಡ್ಡ ಕಾಗದ ಬೇಕಾಗಿ, ಯಾವಾಗಲೂ ಮಾಡುವಂತೆ ನಕ್ಷೆಯ ಮೇಜಿನ ಕೆಳಗಿನ ಖಾನೆ ಎಳೆದಳು. ಹಳೆಯ ಹಾಳೆಗಳ ಅಡಿಯಲ್ಲಿ, ಮೇಷ್ಟ್ರ ಹಳೆಯ ಶರ್ಟೊಂದರಲ್ಲಿ ಸುತ್ತಿಟ್ಟ ಭಾರದ ವಸ್ತುವೊಂದು ಕೈಗೆ ಸಿಕ್ಕಿತು.

ಮೇಷ್ಟ್ರು ಶಾಲೆಯಿಂದ ಬಂದಾಗ ಅದು ಊಟದ ಮೇಜಿನ ಮೇಲಿತ್ತು. ಶರ್ಟನ್ನು ಮಡಚಿ ಪಕ್ಕದಲ್ಲಿಟ್ಟಿದ್ದಳು. ಅವಳು ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಮೇಷ್ಟ್ರು ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತರು.

"ನಂಗೆ ಬೆಸುಗೆ ಗೊತ್ತಿಲ್ಲ," ಎಂದಳು ಅವಳು ನಿಧಾನವಾಗಿ. "ಹರಿಯೋದು ಗೊತ್ತು. ಕಾಜಾ ಅಂಚಿಗೆ ತೀರಾ ಹತ್ತಿರ ಹೊಡೆದ್ರೆ ಗುಂಡಿ ಹೀಗೇ ಕಿತ್ಕೊಂಡು ಹೋಗತ್ತೆ. ಹೊಲಿಗೆ ಗಟ್ಟಿಯಾಗೇ ಇರತ್ತೆ. ನಾನು ಸರಿಯಾಗಿ ಹೇಳ್ತಿದೀನಾ?"

ಮೇಷ್ಟ್ರು ತಲೆಯಾಡಿಸಿದರು.

"ಕತ್ತರಿಸೋಕೆ ಹೇಳಿದ್ದು ನೀವು."

ಮತ್ತೆ ತಲೆಯಾಡಿಸಿದರು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ತೋಳು ಮುರಿದದ್ದಕ್ಕೆ ತನಗೇನೂ ಇಲ್ಲ, ಅದು ಯಾರ ಕೈಯಿಂದಲೂ ಆಗಬಹುದಾದ ತಪ್ಪು ಎಂದಳು. ಆದರೆ ತನ್ನ ತಮ್ಮ ಏಳು ತಿಂಗಳಿಂದ ತನ್ನ ಮುಖ ನೋಡಿ ಮಾತಾಡಿಲ್ಲ, ಅದನ್ನು ಇದೇ ಮನೆಯಲ್ಲಿ ಕೂತು ನೋಡುತ್ತಿದ್ದಿರಲ್ಲ ಎಂದಳು. ತಾನು ಅವನಿಗೆ ಹೇಳುವುದಿಲ್ಲ, ನೀವೇ ಹೇಳಬೇಕು, ಹೇಳುವ ತನಕ ಈ ತುಂಡು ಊಟದ ಮೇಜಿನ ಮೇಲೆಯೇ ಇರುತ್ತದೆ ಎಂದಳು. ಹಾಗೆಯೇ ಬಿಟ್ಟಳು. ಎರಡು ತಟ್ಟೆಗಳ ನಡುವೆ ಉಪ್ಪಿನ ಡಬ್ಬಿಯ ಪಕ್ಕ ಅದನ್ನಿಟ್ಟುಕೊಂಡು ಅವರು ಊಟ ಮಾಡಿದರು.

ಮಾರನೆಯ ದಿನ ಸಂಜೆ ಮೇಷ್ಟ್ರು ವೆಲ್ಡಿಂಗ್ ಶೆಡ್ಡಿಗೆ ಹೋದರು. ಭಾವಮೈದುನ ಕಿಟಕಿಯ ಸರಳು ಉಜ್ಜುತ್ತಿದ್ದ. ಅವರನ್ನು ಕಂಡು ಸ್ಟೂಲು ಒರೆಸಿ ಕೊಟ್ಟ, ಅಕ್ಕ ಹೇಗಿದ್ದಾಳೆ ಎಂದು ಕೇಳಿದ. ಮೇಷ್ಟ್ರು ಮನೆಯ ಬಾಲ್ಕನಿಯ ಬಾಗಿಲು ಕಿರುಗುಟ್ಟುತ್ತದೆ, ಏನು ಎಣ್ಣೆ ಬಿಡಬೇಕು ಎಂದು ಕೇಳಿದರು. ಅವನು ಸಣ್ಣ ಡಬ್ಬಿಯೊಂದರಲ್ಲಿ ಎಣ್ಣೆ ಹಾಕಿಕೊಟ್ಟ. ಮೇಷ್ಟ್ರು ಅದನ್ನು ಹಿಡಿದುಕೊಂಡು ಮನೆಗೆ ಬಂದರು. ಹೆಂಡತಿ ಡಬ್ಬಿಯನ್ನೂ ಅವರ ಮುಖವನ್ನೂ ನೋಡಿದಳು.

ಎರಡನೆಯ ಸಲ ಹೋದದ್ದು ಶನಿವಾರ ಬೆಳಿಗ್ಗೆ. ಈ ಸಲ ತುಂಡನ್ನು ಕೈಯಲ್ಲೇ ಹಿಡಿದುಕೊಂಡು, ಬಸ್ಸಿನಲ್ಲಿ ಎಲ್ಲರಿಗೂ ಕಾಣುವಂತೆ ಹೋದರು. ಚೀಲದಲ್ಲಿ ಹಾಕಿಕೊಂಡರೆ ಅದು ಅಲ್ಲೇ ಉಳಿದುಬಿಡುತ್ತದೆ ಎಂಬ ಭಯ. ಶೆಡ್ಡಿನೊಳಗೆ ಹೋಗಿ ಕೆಲಸದ ಮೇಜಿನ ಮೇಲೆ ಅದನ್ನಿಟ್ಟು, ನೋಡು ಎಂದರು.

ಭಾವಮೈದುನ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಹೆಬ್ಬೆರಳನ್ನು ಬೆಸುಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಸವರಿದ, ಇನ್ನೊಮ್ಮೆ ಸವರಿದ. ಹರಿದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

"ಯಾವಾಗ ಗೊತ್ತಾಯ್ತು?"

ಮೇಷ್ಟ್ರು ಇಡೀ ದಾರಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತುಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಈಚೆಗೆ ಎಂದುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಆ ಹೊತ್ತಿನಲ್ಲೂ ಅನಿಸಿತಲ್ಲ ಎಂಬುದನ್ನು ಅವರು ಮುಂದೆ ಎಂದೂ ಮರೆಯಲಿಲ್ಲ.

"ಅವತ್ತೇ," ಎಂದರು. "ನೀನು ಆಸ್ಪತ್ರೆ ಬೆಂಚಿನ ಮೇಲೆ ಜ್ವರದ ವಿಷಯ ಹೇಳಿದ್ಯಲ್ಲ, ಆಗ ಇದು ನನ್ನ ಚೀಲದಲ್ಲಿತ್ತು."

ಭಾವಮೈದುನ ತುಂಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಒಂದು ಏಟು ಹಾಕುತ್ತಾನೆ ಎಂದು ಮೇಷ್ಟ್ರು ಕಾದರು. ಅವನು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

"ನಾನು ಕೆಲಸಾನೇ ಬಿಡೋಣ ಅಂತಿದ್ದೆ. ಈ ಕೈ ನೋಡಿದ್ರೆ ನಂಗೇ ಹೇಸಿಗೆ ಆಗ್ತಿತ್ತು." ಮುಖ ಒರೆಸಿಕೊಂಡು, "ಟ್ರೈಲರಿಗೆ ಎರಡಿಂಚು ಚಿಕ್ಕ ಗಾಲಿ ಹಾಕಿದ್ರೆ ಸಾಕಾಗಿತ್ತು. ಅವತ್ತೇ ಹೇಳೋಣ ಅಂದ್ಕೊಂಡೆ. ನೀವು ಲೆಕ್ಕ ಹಾಕಿದೀನಿ ಅಂದ್ರಿ," ಎಂದ.

ಆಮೇಲೆ ಅವನು ಮತ್ತೆ ಸರಳು ಉಜ್ಜುವ ಕೆಲಸಕ್ಕೆ ತೊಡಗಿದ. ಮೇಷ್ಟ್ರು ಸ್ವಲ್ಪ ಹೊತ್ತು ನಿಂತಿದ್ದು ಹೊರಬಂದರು. ಅಂದು ಮಧ್ಯಾಹ್ನವೇ ಅವನು ಅಕ್ಕನ ಮನೆಗೆ ಬಂದ. ಮೇಷ್ಟ್ರು ಬಾಗಿಲು ತೆರೆದರು, ಅವನು ಅವರನ್ನು ದಾಟಿ ಒಳಗೆ ಹೋದ. ಒಳಕೋಣೆಯಲ್ಲಿ ಅಕ್ಕತಮ್ಮ ಬಹಳ ಹೊತ್ತು ಕೂತಿದ್ದರು. ಮೇಷ್ಟ್ರು ಅಡಿಗೆಮನೆಯಲ್ಲಿ ಟೀ ಮಾಡಿದರು. ಒಳಗೆ ತೆಗೆದುಕೊಂಡು ಹೋಗಲು ಧೈರ್ಯ ಬರಲಿಲ್ಲ. ಟೀ ಆರಿತು.

ಬೆಸುಗೆ ಬಿಟ್ಟಿತೆಂದು ಹೇಳಿದ್ದು ಇಪ್ಪತ್ತು ಮೂವತ್ತು ಜನರ ಎದುರು. ಹಾಗಾಗಿ ಕ್ಲಬ್ಬಿನ ಮುಂದಿನ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತರು. ಹರಿದದ್ದು ಬೆಸುಗೆಯಲ್ಲ, ತಾನು ತಿದ್ದಿದ ಅಳತೆ ತಪ್ಪಾಗಿತ್ತು, ಕಿವಿ ಗಿಡ್ಡವಾಗುತ್ತದೆ ಎಂದು ಕೆಲಸಗಾರ ಎಚ್ಚರಿಸಿದ್ದ, ಅಂದೇ ಗೊತ್ತಾದರೂ ಮುಚ್ಚಿಟ್ಟೆ ಎಂದು ಹೇಳಿದರು. ಬೈಗುಳಕ್ಕೆ ತಯಾರಾಗಿ ಹೋಗಿದ್ದರು. ಯಾರೂ ಬೈಯಲಿಲ್ಲ. ಎಲ್ಲರೂ ತಪ್ಪು ಮಾಡುವವರೇ ಎಂದು ಒಬ್ಬರು ಅಂದರು, ಒಪ್ಪಿಕೊಳ್ಳುವುದು ದೊಡ್ಡ ಗುಣ ಎಂದು ಇನ್ನೊಬ್ಬರು ಬೆನ್ನು ತಟ್ಟಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿಬಿಟ್ಟರು. ಮೇಷ್ಟ್ರಿಗೆ ನೆಲ ಸೀಳಿ ಒಳಗೆ ಹೋಗಬಾರದೇ ಎನಿಸಿತು. ಹೊರಗೆ ಬಂದಾಗ ಕಟ್ಟೆಯ ಹೊಸ ಕಂಬಿ ಕಂಡಿತು. ಬೇರೆ ಯಾರೋ ಮಾಡಿದ್ದು. ಬೆಸುಗೆ ಒರಟಾಗಿತ್ತು, ಆದರೆ ಗಟ್ಟಿಯಾಗಿತ್ತು, ಇನ್ನು ಇಪ್ಪತ್ತು ವರ್ಷ ಅದನ್ನು ಬದಲಾಯಿಸುವ ಅಗತ್ಯವಿರಲಿಲ್ಲ.

ಮುರಿದ ದೋಣಿ ಕ್ಲಬ್ಬಿನ ಶೆಡ್ಡಿನ ಹಿಂದೆ ಹಾಗೆಯೇ ಬಿದ್ದಿತ್ತು. ಅದನ್ನು ಸರಿಮಾಡುವ ಮಾತನ್ನು ಮೇಷ್ಟ್ರು ಎತ್ತಲಿಲ್ಲ, ಎತ್ತಿದವಳು ಹೆಂಡತಿ. ತಾನು ಅದರ ಮೇಲೆ ಅರ್ಧ ಗಂಟೆ ಕೂತಿದ್ದೆ, ಆ ಅರ್ಧ ಗಂಟೆ ಚೆನ್ನಾಗಿತ್ತು ಎಂದಳು. ಅವಳ ತಮ್ಮ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ. ಅದನ್ನು ಹೇಳುವಾಗ ಅವನು ಭಾವ ಎನ್ನಲಿಲ್ಲ.

"ಮೇಷ್ಟ್ರೇ, ಲೆಕ್ಕ ಹಾಕಿದ ಹಾಳೆ ನಂಗೆ ತೋರಿಸಬೇಕು. ನಂಗೆ ಅರ್ಥ ಆಗೋ ತನಕ ಕೂತು ಹೇಳಬೇಕು."

ಮೇಷ್ಟ್ರು ಹಾಗೆಯೇ ಮಾಡಿದರು. ಎಂಟು ವಾರ, ವೆಲ್ಡಿಂಗ್ ಶೆಡ್ಡಿನ ಸ್ಟೂಲಿನ ಮೇಲೆ ಕೂತು, ಒಂದೊಂದು ಅಂಕಿಯನ್ನೂ ಬಿಡಿಸಿ ಹೇಳಿದರು. ಮೂರು ಕಡೆ ಭಾವಮೈದುನ ತಡೆದು ನಿಲ್ಲಿಸಿದ. ಅದರಲ್ಲಿ ಎರಡು ಕಡೆ ಅವನು ಹೇಳಿದ್ದು ಸರಿಯಾಗಿತ್ತು. ಮೂರು ತೊಲೆಗೂ ಹೊಸ ಕಿವಿಗಳಾದವು, ಅಂಚು ನಲವತ್ತು ಮಿಲಿಮೀಟರ್. ಟ್ರೈಲರಿಗೆ ಚಿಕ್ಕ ಗಾಲಿ ಬಂತು. ಕಟ್ಟಡದ ಬಾಗಿಲಲ್ಲಿ ದೋಣಿ ಒಂದು ಬೆರಳಿನಷ್ಟು ಜಾಗ ಬಿಟ್ಟು ಸಲೀಸಾಗಿ ಒಳಗೆ ಹೋಯಿತು.

ಈ ಸಲ ಪರೀಕ್ಷೆಗೆ ಯಾರನ್ನೂ ಕರೆಯಲಿಲ್ಲ, ಫಲಕದ ಮೇಲೆ ಬರೆಸಲಿಲ್ಲ. ಮೊದಲು ಒಡಲುಗಳ ತುದಿಗಳನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ತೊಲೆಗಳ ನಡುಭಾಗಕ್ಕೆ ಕೆಳಗಿನಿಂದ ಲಾರಿಯ ಜಾಕು ಕೊಟ್ಟು ಎತ್ತಿದರು. ಒಡಲುಗಳ ಮೇಲೆ ನೀರು ತುಂಬಿದ ಪೀಪಾಯಿಗಳನ್ನು ಹೇರಿದರು. ಅಲೆ ಎತ್ತಬಹುದಾದ್ದಕ್ಕಿಂತ ಮೂರರಷ್ಟು ಹೊರೆ. ಎರಡು ದಿನ ಹಾಗೆಯೇ ಬಿಟ್ಟರು. ಮೇಷ್ಟ್ರು ಅಳತೆಪಟ್ಟಿ ಹಿಡಿದು ಗಂಟೆಗೊಮ್ಮೆ ಪಿನ್ನುಗಳನ್ನು ನೋಡಿ ಬರೆದಿಟ್ಟರು. ಕೂದಲಷ್ಟೂ ಕದಲಲಿಲ್ಲ. ಆಮೇಲೆ ಮರಳಿನ ಚೀಲ ಹೇರಿ, ಜನರಿಲ್ಲದ ದೋಣಿಯನ್ನು ಮೋಟಾರ್ ದೋಣಿಯ ಹಿಂದೆ ಕಟ್ಟಿ ಅದರದೇ ಅಲೆಯ ಮೇಲೆ ಎಳೆಸಿದರು. ಹತ್ತು ಸಲ, ಇಪ್ಪತ್ತು ಸಲ. ಇದನ್ನೆಲ್ಲ ಮೊದಲೇ ಮಾಡಬಹುದಾಗಿತ್ತು. ಒಂದು ವಾರದ ಕೆಲಸ, ಅಷ್ಟೇ.

ಕೊನೆಗೆ ಒಂದು ಬೆಳಿಗ್ಗೆ ಮನುಷ್ಯರು ಹತ್ತುವ ದಿನ ಬಂತು. ನಾನೇ ಮೊದಲು ಹತ್ತುತ್ತೇನೆ ಎಂದರು ಮೇಷ್ಟ್ರು. ಲೈಫ್ ಜಾಕೆಟ್ ಹಾಕಿಕೊಂಡೂ ಆಗಿತ್ತು. ಭಾವಮೈದುನ ಬೇಡ ಎನ್ನಲಿಲ್ಲ. ಅವರೊಬ್ಬರನ್ನೇ ಮುಂದೆ ಕೂರಿಸಿಕೊಂಡು, ಸರೋವರದ ನಡುವಿನವರೆಗೆ ಹೋಗಿ ಮೋಟಾರ್ ದೋಣಿಗಳು ಓಡಾಡುವ ಕಡೆಗೆ ತಿರುಗಿಸಿದ. ಅಲೆ ಬಂದು ಬಟ್ಟೆಯ ಅಡಿಯಲ್ಲಿ ಬಡಿದಾಗ ಮೇಷ್ಟ್ರ ಕೈ ತಾನಾಗಿ ಅಂಚನ್ನು ಹಿಡಿಯಿತು, ಕಣ್ಣು ಮುಚ್ಚಿತು. ತೆರೆದಾಗ ಭಾವಮೈದುನ ತಮ್ಮನ್ನೇ ನೋಡುತ್ತಿದ್ದ.

ದಡಕ್ಕೆ ಬಂದ ಮೇಲೆ ಮೇಷ್ಟ್ರು ಇಳಿದರು, ಹೆಂಡತಿ ಹತ್ತಿದಳು. ಬಲತೋಳನ್ನು ಪೂರ್ತಿ ಎತ್ತಲು ಅವಳಿಗೆ ಈಗಲೂ ಆಗುತ್ತಿರಲಿಲ್ಲ. ತಮ್ಮ ಅವಳ ಎಡಗೈ ಹಿಡಿದು ಕೂರಿಸಿದ. ದೋಣಿ ದಡ ಬಿಟ್ಟಿತು. ಹಾಯಿ ಗಾಳಿ ತುಂಬಿಕೊಂಡಿತು. ಮೇಷ್ಟ್ರು ಮೊಣಕಾಲವರೆಗೆ ನೀರಿನಲ್ಲಿ ನಿಂತು ನೋಡುತ್ತಿದ್ದರು. ನೂರು ಗಜ ಹೋದ ಮೇಲೆ ಅಕ್ಕ ಹಿಂದಕ್ಕೆ ತಿರುಗಿ ತಮ್ಮನಿಗೆ ಏನೋ ಹೇಳಿದಳು, ಅವನು ಏನೋ ಉತ್ತರ ಕೊಟ್ಟ, ಇಬ್ಬರೂ ನಕ್ಕರು. ನಗು ನೀರಿನ ಮೇಲಿಂದ ಕೇಳಿಸಿತು, ಮಾತು ಕೇಳಿಸಲಿಲ್ಲ. ಅವಳು ದಡದ ಕಡೆ ನೋಡಲೂ ಇಲ್ಲ, ಕೈ ಬೀಸಲೂ ಇಲ್ಲ. ಒಂದು ಗಂಟೆಯ ಮೇಲೆ ವಾಪಸು ಬಂದರು, ಮೂವರೂ ಸೇರಿ ದೋಣಿ ಮಡಚಿದರು, ಹದಿಮೂರು ನಿಮಿಷ ಹಿಡಿಯಿತು. ಅಲ್ಲಿ ಏನು ಮಾತಾಡಿ ನಕ್ಕಿರಿ ಎಂದು ಕೇಳಲು ಮೇಷ್ಟ್ರಿಗೆ ಬಹಳ ಆಸೆಯಾಯಿತು. ಮನೆ ಸೇರುವವರೆಗೂ, ಆಮೇಲೂ, ಅವರು ಕೇಳಲಿಲ್ಲ.